ಬದುವಿನ ಸೊಪ್ಪು ಮಾಳಿಗೆಯ ಕುಂಡಕ್ಕೆ

ಸಂಜೆ ಬಳ್ಳಾರಿಯ ಮಿರ್ಚಿ ಬಂಡಿ ಮುಂದೆ ನಿಂತವರು ಯಾರೂ ತಾವು ಔಷಧ ತಿನ್ನುತ್ತಿದ್ದೇವೆ ಅಂದುಕೊಂಡಿರುವುದಿಲ್ಲ. ಆದರೆ ಕಡ್ಲೆಹಿಟ್ಟು ಕಲಸುವಾಗ ಅಂಗೈಯಲ್ಲಿ ತಿಕ್ಕಿ ಉದುರಿಸುವ ಚಿಟಿಕೆ ಅಜವಾನ ಅಲ್ಲಿ ಬರೀ ವಾಸನೆಗೆ ಇಲ್ಲ. ಎಣ್ಣೆ, ಕಡ್ಲೆಹಿಟ್ಟು, ಮೆಣಸಿನಕಾಯಿ ಮೂರೂ ಒಟ್ಟಿಗೆ ಹೊಟ್ಟೆಗಿಳಿದ ಮೇಲೆ ಆಗುವ ಉಬ್ಬರಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಅದು. ಅಜವಾನದ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಥೈಮಾಲ್. ಮಗು ಕೆಮ್ಮಿದರೆ ಅಜ್ಜಿಯರು ಕೆಂಡದ ಮೇಲೆ ಬಾಡಿಸಿ ಹಿಂಡುವ ದೊಡ್ಡಪತ್ರೆಗೂ ಹೆಚ್ಚುಕಡಿಮೆ ಅದೇ ವಾಸನೆ. ಥೈಮಾಲ್ ಮತ್ತು ಅದಕ್ಕೆ ತೀರ ಹತ್ತಿರದ ಕಾರ್ವಕ್ರಾಲ್ ಆ ಎಲೆಯಲ್ಲೂ ಇವೆ. ಮಿರ್ಚಿ ಬಂಡಿಯವನಿಗೆ ಈ ಹೆಸರುಗಳು ಬೇಕಿಲ್ಲ. ಅಜವಾನ ತೀರಿದ ದಿನ ಮಾತ್ರ ಹುಡುಗನನ್ನು ಕಿರಾಣಿ ಅಂಗಡಿಗೆ ಓಡಿಸುತ್ತಾನೆ.

ಈ ಸೀಮೆಯ ಅಡುಗೆಯಲ್ಲಿ ಔಷಧ ಇರುವುದೇ ಹೀಗೆ, ಬೋರ್ಡು ಹಾಕಿಕೊಳ್ಳದೆ. ರೊಟ್ಟಿ ಜೊತೆ ಹಸಿಯಾಗಿ ಕಡಿಯುವ ಮೆಂತೆ ಮತ್ತು ಹಕ್ಕರಕಿ, ಬಾಣಂತಿಗೆ ಸಬ್ಬಸಿಗೆ ಮತ್ತು ಅಳವಿ ಪಾಯಸ, ಬೇಸಿಗೆಗೆ ಕಾಮಕಸ್ತೂರಿ ಬೀಜ ನೆನೆಸಿದ ಶರಬತ್ತು, ನೆಗಡಿಗೆ ಹುರುಳಿಕಟ್ಟಿನ ಸಾರು. ಇವನ್ನೆಲ್ಲ ಮೂಲಿಕೆ ಅಂತ ಯಾರೂ ಕರೆದವರಲ್ಲ. ಈಚೆಗೆ ಮನೆಯಲ್ಲೇ ಔಷಧಿ ಗಿಡ ಬೆಳೆಸುವ ಉಮೇದು ನಮ್ಮ ಬಡಾವಣೆಗಳಿಗೂ ಬಂದಿದೆ. ಬಂದದ್ದು ಒಳ್ಳೆಯದೇ. ತಕರಾರು ಇರುವುದು ಜನ ಕೈಯಲ್ಲಿ ಹಿಡಿದು ಓಡಾಡುವ ಪಟ್ಟಿಯ ಬಗ್ಗೆ. ಒಂದೆಲಗ, ವೀಳ್ಯದೆಲೆ, ಹಿಪ್ಪಲಿ, ಕಾಳುಮೆಣಸಿನ ಬಳ್ಳಿ ಎಲ್ಲ ಮಲೆನಾಡಿನ, ಕರಾವಳಿಯ ಗಿಡಗಳು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನ ತಾರಸಿಗೆ ಅವನ್ನು ತಂದಿಟ್ಟು, ಯುಗಾದಿ ಹೊತ್ತಿಗೆ ಸುಟ್ಟು ಹೋದವು ಅಂತ ಗೋಳಾಡಿದರೆ ತಪ್ಪು ಗಿಡದ್ದಲ್ಲ.

ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಲ್ಲಿ ಶುರುವಾಗಿ, ಹಳ್ಳಿಮನೆಗಳ ಹಿತ್ತಲಿಗೆ ಔಷಧಿ ಗಿಡಗಳನ್ನು ಕೊಟ್ಟು ಬೆಳೆಸುವ ಕೆಲಸವನ್ನು ದಕ್ಷಿಣದ ರಾಜ್ಯಗಳಲ್ಲಿ ಮಾಡಿತು. ಅಂಥ ಕೆಲಸ ನಿಲ್ಲುವುದೂ ಬೀಳುವುದೂ ಒಂದೇ ಪ್ರಶ್ನೆಯ ಮೇಲೆ: ಆ ಊರಿನವರಿಗೆ ಆ ಗಿಡದ ಪರಿಚಯ ಮೊದಲೇ ಇದೆಯೇ? ಇದ್ದರೆ ಅದು ಒಲೆಯ ತನಕ ಹೋಗುತ್ತದೆ. ಇಲ್ಲದಿದ್ದರೆ ಬಂದ ನೆಂಟರಿಗೆ ತೋರಿಸುವ ವಸ್ತುವಾಗಿ ಉಳಿಯುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರಕ್ಕೂ ತಮ್ಮವೇ ಆದ ಸೊಪ್ಪುಗಳಿವೆ. ಒಂದಕ್ಕೆ ಕಾಲುವೆ, ಒಂದಕ್ಕೆ ಗುಡ್ಡ, ಒಂದಕ್ಕೆ ಬಿಸಿ ಮಾಳಿಗೆ. ಪಟ್ಟಿ ಬೇಕಿದ್ದರೆ ಅಲ್ಲಿಂದ ಮಾಡಿಕೊಳ್ಳಬೇಕು.

ಸಿರುಗುಪ್ಪದಿಂದಲೇ ಶುರು ಮಾಡೋಣ. ತುಂಗಭದ್ರಾ ಅಣೆಕಟ್ಟೆ ಬಂದ ಮೇಲೆ ಇದು ಭತ್ತದ ಸೀಮೆಯಾಯಿತು ಎಂದು ಹೇಳುವವರಿದ್ದಾರೆ. ಅದು ಅರ್ಧ ಮಾತು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಎರಡೂ ವಿಜಯನಗರದ ಕಾಲದ ಕಾಲುವೆಗಳ ಪಟ್ಟಿಯಲ್ಲೇ ಇವೆ. ಹಾಗಾಗಿ ಇಲ್ಲಿನ ಗದ್ದೆಯ ಬದುಗಳಿಗೆ ತೇವದ ಅಭ್ಯಾಸ ಶತಮಾನಗಳದ್ದು. ಆ ತೇವದಲ್ಲಿ ತಾನಾಗಿ ಹಬ್ಬಿದ್ದು ಹೊನಗೊನೆ, ಗರಗ, ನೀರುಬ್ರಾಹ್ಮಿ. ತೆಲುಗು ಮಾತಾಡುವ ಮನೆಗಳಲ್ಲಿ ಹೊನಗೊನೆಯನ್ನು ಪೊನ್ನಗಂಟಿ ಅನ್ನುತ್ತಾರೆ, ಪಲ್ಯ ಎರಡೂ ಕಡೆ ಒಂದೇ. ಹೆಸರುಬೇಳೆ ಅರ್ಧ ಬೆಂದಾಗ ಸೊಪ್ಪು ಹಾಕಿ, ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ ಮುರಿದು ಶೇಂಗಾ ಎಣ್ಣೆಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಕಣ್ಣಿಗೆ ಒಳ್ಳೆಯದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕಡುಹಸಿರು ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೋಟಿನ್ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಅದು ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು, ಅಂದರೆ ಒಗ್ಗರಣೆಯ ಎಣ್ಣೆ ಬರೀ ರುಚಿಗಲ್ಲ. ಎಣ್ಣೆಯಿಲ್ಲದೆ ಬೇಯಿಸಿ ನುಂಗುವ ಡಯಟ್‌ನವರು ಇದನ್ನು ಸ್ವಲ್ಪ ಯೋಚಿಸಬಹುದು.

ಗರಗವನ್ನು ತಲೆಗೂದಲಿನ ಎಣ್ಣೆಗೆ ಕಾಯಿಸುವುದೇ ಹೆಚ್ಚು. ಎಳೆಯದನ್ನು ಬೇರೆ ಸೊಪ್ಪಿನ ಜೊತೆ ಒಂದು ಹಿಡಿ ಸೇರಿಸುವವರೂ ಉಂಟು. ನೀರುಬ್ರಾಹ್ಮಿ ಕಹಿ. ಮಜ್ಜಿಗೆಯಲ್ಲಿ ಅರೆದರಷ್ಟೇ ಮಕ್ಕಳ ಬಾಯಿಗೆ ಹೋಗುವ ಸೊಪ್ಪು ಅದು.

ಇಷ್ಟೆಲ್ಲ ಓದಿ ನಾಳೆ ಬೆಳಿಗ್ಗೆಯೇ ಬದುವಿಗೆ ಹೋಗಿ ಸೊಪ್ಪು ಕೊಯ್ಯುತ್ತೇನೆ ಅನ್ನುವವರು ಒಂದು ಗಳಿಗೆ ನಿಲ್ಲಬೇಕು. ಒಂದು ಕಾಲದಲ್ಲಿ ಕಳೆ ಕೀಳುವ ಹೆಣ್ಣಾಳುಗಳು ಸಂಜೆ ಮನೆಗೆ ಹೊರಟಾಗ ಸೆರಗಿನಲ್ಲಿ ಹೊನಗೊನೆ, ಗೋಳಿ ಸೊಪ್ಪು ಕಟ್ಟಿಕೊಂಡೇ ಹೊರಡುತ್ತಿದ್ದರು. ಕಳೆಯೇ ಪಲ್ಯವಾಗುತ್ತಿತ್ತು. ಕಳೆನಾಶಕ ಬಂತು, ಆ ಸೊಪ್ಪು ಹೋಯಿತು. ಪೂರ್ತಿ ಹೋಗಿದ್ದರೆ ಒಂದು ಲೆಕ್ಕ. ಇನ್ನೂ ಕೆಟ್ಟ ಸಂಗತಿಯೆಂದರೆ ಅರೆಜೀವವಾಗಿ ಉಳಿದದ್ದು. ಔಷಧಿ ಹೊಡೆದ ಒಂದೆರಡು ದಿನ ಗಿಡ ಹಸಿರಾಗಿಯೇ ಕಾಣುತ್ತದೆ, ನೋಡಿದವರಿಗೆ ತಿಳಿಯುವುದಿಲ್ಲ. (ನಮ್ಮ ರೈತರ ಬಾಯಲ್ಲಿ ‘ಔಷಧಿ ಹೊಡೆಯೋದು’ ಅಂದರೆ ವಿಷ ಹೊಡೆಯುವುದು, ಇರಲಿ.) ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಬದುವಿನ ಮೇಲೆ ಬೆನ್ನಿಗೆ ಪಂಪು ಹೊತ್ತವರನ್ನು ಕಂಡವರಿಗೆ ಆ ಅಧಿಸೂಚನೆ ಎಷ್ಟು ದೂರ ಇದೆ ಅಂತ ಗೊತ್ತು. ಭತ್ತ, ಹತ್ತಿ, ಮೆಣಸಿನಕಾಯಿ ಮೂರೂ ಸಿಂಪರಣೆಯ ಬೆಳೆಗಳೇ. ಊರೊಳಗಿನ ಚರಂಡಿ ಪಕ್ಕ ಸೊಂಪಾಗಿ ಬೆಳೆದ ಹೊನಗೊನೆಯಂತೂ ಮುಟ್ಟಲೇಬಾರದು. ನೀರಿನಲ್ಲಿರುವ ಸೀಸದಂಥ ಲೋಹಗಳನ್ನು ಎಳೆದುಕೊಳ್ಳುವುದರಲ್ಲಿ ಇಂಥ ಗಿಡಗಳದ್ದು ಎತ್ತಿದ ಕೈ.

ಕಾಲುವೆಯ ಮೇಲಿನ ನಂಬಿಕೆಯೂ ಈಗ ಮೊದಲಿನಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪದವರು ಎರಡನೇ ಬೆಳೆಯ ಲೆಕ್ಕ ಹಾಕಿದರು, ಸೊಪ್ಪಿನ ಲೆಕ್ಕ ಯಾರು ಹಾಕುತ್ತಾರೆ. ಕಾಲುವೆ ಬತ್ತಿದ ಬೇಸಿಗೆ ಬದುವೂ ಒಣಗುತ್ತದೆ. ಅದಕ್ಕೇ ಬದುವಿನ ಸೊಪ್ಪನ್ನು ಮನೆಗೆ ತಂದುಕೊಳ್ಳಬೇಕು ಅನ್ನುವುದು. ಔಷಧಿ ಕಾಣದ ಜಾಗದಿಂದ ಗಿಣ್ಣಿರುವ ಗೇಣುದ್ದದ ತುಂಡು ತಂದು ಅಗಲವಾದ ಬುಟ್ಟಿಯಲ್ಲಿ ಊರಿ, ಕೈತೊಳೆಯುವ ನಲ್ಲಿಯ ಪಕ್ಕ ಇಟ್ಟರೆ ಹೊನಗೊನೆ ತಾನೇ ಹಬ್ಬುತ್ತದೆ. ಸೋಪಿನ ನೀರು ಬೀಳದಂತೆ ನೋಡಿಕೊಂಡರೆ ಸಾಕು. ಕೊಯ್ದಷ್ಟೂ ಚಿಗುರುವ ಸೊಪ್ಪು, ಮತ್ತೆ ಬಿತ್ತುವ ಗೋಜಿಲ್ಲ. ನೀರುಬ್ರಾಹ್ಮಿಗೂ ಇದೇ ಉಪಚಾರ, ಆದರೆ ಕುಂಡದ ಕೆಳಗೆ ನೀರು ನಿಲ್ಲುವ ತಟ್ಟೆ ಬೇಕು. ಸೊಳ್ಳೆ ಆಗದ ಹಾಗೆ ಎರಡು ದಿನಕ್ಕೊಮ್ಮೆ ಆ ನೀರನ್ನು ಚೆಲ್ಲಬೇಕು.

ಕುರುಗೋಡಿನ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು. ದೊಡ್ಡ ಬಸವೇಶ್ವರನ ಊರಿನ ಸುತ್ತ ಬಂಡೆಗುಡ್ಡಗಳು, ಕೆಳಗೆ ಮಸಾರಿ, ಆಚೆಗೆ ಎರೆ. ಇಲ್ಲಿನ ಔಷಧಿ ಗಿಡಗಳಿಗೆ ನೀರು ಕೇಳುವ ಚಾಳಿಯೇ ಇಲ್ಲ. ಬೇಲಿಯ ಮೇಲೆ ನಾಲ್ಕು ಮೂಲೆಯ ಕಾಂಡ ಚಾಚಿಕೊಂಡು ಹಬ್ಬುವ ಮಂಗರವಳ್ಳಿ, ಏಪ್ರಿಲ್‌ನ ಬೆಂಕಿಯಲ್ಲೂ ಚಿಗುರುವ ಹುಣಸೆ, ಕಲ್ಲಿನ ಸಂದಿಯಲ್ಲೂ ಬದುಕುವ ಲೋಳೆಸರ, ಮಳೆ ಬಿದ್ದ ವಾರದಲ್ಲಿ ಏಳುವ ನೆಲನೆಲ್ಲಿ.

ಮಂಗರವಳ್ಳಿಯನ್ನು ಸಂದುಬಳ್ಳಿ ಅಂತಲೂ ಕರೆಯುತ್ತಾರೆ, ಗಡಿಯಾಚೆ ಅದು ನಲ್ಲೇರು. ಮುರಿದ ಮೂಳೆಯನ್ನು ಕೂಡಿಸುತ್ತದೆ ಎಂಬ ನಂಬಿಕೆ ಇದೆ. ಮೂಳೆಯ ಮಾತನ್ನು ಡಾಕ್ಟರಿಗೆ ಬಿಡೋಣ, ಚಟ್ನಿಯ ಮಾತು ನಮ್ಮದು. ಅದನ್ನು ಮಾಡುವುದಕ್ಕೆ ಕ್ರಮ ಇದೆ. ತುದಿಯ ಎರಡು ಗಿಣ್ಣು ಮಾತ್ರ ಮುರಿಯಬೇಕು, ಉಗುರು ಸಲೀಸಾಗಿ ಇಳಿದರೆ ಎಳೆಯದು. ಅಂಗೈಗೆ ಮೊದಲೇ ಎಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ತುರಿಕೆ ಬೆರಳಿನಿಂದ ಮೊಣಕೈ ತನಕ ಏರುತ್ತದೆ. ನಾಲ್ಕೂ ಅಂಚಿನ ನಾರು ಎಳೆದು ತೆಗೆದು, ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಹಸಿರು ಬಣ್ಣ ಹೋಗಿ ಕಂದು ತಿರುಗುವ ತನಕ ಹುರಿಯಬೇಕು. ಅವಸರ ಮಾಡಿದರೆ ಗಂಟಲು ಕೆರೆಯುತ್ತದೆ. ಅದಕ್ಕೆ ಕಾರಣ ಕಾಂಡದೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಕೆಸುವಿನ ತುರಿಕೆಗೂ ಅವೇ ಕಾರಣ. ಹುಣಸೆಹಣ್ಣು ಧಾರಾಳ ಇರಬೇಕು, ಜೊತೆಗೆ ಹುರಿದ ಉದ್ದಿನಬೇಳೆ, ಎಳ್ಳು, ಒಣಮೆಣಸಿನಕಾಯಿ, ಒಂದು ಚೂರು ಬೆಲ್ಲ. ಒರಳಲ್ಲಿ ಅರೆದರೆ ತರಿತರಿಯಾಗಿ ಬರುತ್ತದೆ, ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಬಿಸಿ ಅನ್ನಕ್ಕೆ ಒಂದು ಚಮಚ ಸಾಕು. ಇನ್ನೊಂದು ಚಮಚ ಬೇಕೆನಿಸುತ್ತದೆ, ಹಾಕಿಕೊಳ್ಳದಿರುವುದು ಲೇಸು.

ಹುಣಸೆ ಚಿಗುರಿಗೆ ಇಷ್ಟು ರಗಳೆ ಇಲ್ಲ. ತೊಗರಿಬೇಳೆ ಜೊತೆ ಬೇಯಿಸಿದರೆ ಹುಳಿ ಬೇರೆ ಹಾಕಬೇಕಿಲ್ಲ. ಹೆಚ್ಚು ಸಿಕ್ಕಿದ ವರ್ಷ ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಟ್ಟರೆ ಮಳೆಗಾಲದ ಸಾರಿಗೂ ಆಗುತ್ತದೆ.

ಹುರುಳಿಯನ್ನು ಮೂಲಿಕೆಯ ಲೆಕ್ಕಕ್ಕೆ ಸೇರಿಸಿದರೆ ಕೆಲವರು ಹುಬ್ಬೇರಿಸಬಹುದು. ಆದರೆ ಇದಕ್ಕಿಂತ ಹಳೆಯ ಮನೆಮದ್ದು ಈ ಜಿಲ್ಲೆಯಲ್ಲಿ ಇನ್ನೊಂದಿದೆ ಅನ್ನಿಸುವುದಿಲ್ಲ. ಬಳ್ಳಾರಿ ಊರ ಅಂಚಿನ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆತ ನಡೆಸಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 60ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ನವಶಿಲಾಯುಗದ ಆ ಮನೆಗಳ ಬೂದಿಯಲ್ಲಿ ಸುಟ್ಟು ಕರಿಯಾದ ಹುರುಳಿ ಕಾಳು ಸಿಕ್ಕಿದೆ. ಸಂಗನಕಲ್ಲಿನಲ್ಲಿ ಹೆಸರು, ಕೊರಲೆಯ ಗುರುತುಗಳೂ ಇವೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಇದೇ ಬಂಡೆಗಳ ನಡುವೆ ಯಾರೋ ಹುರುಳಿ ಬೇಯಿಸಿದ್ದಾರೆ. ಅವರು ಕಟ್ಟು ಬಸಿದು ಸಾರು ಮಾಡಿದ್ದರೋ ಇಲ್ಲವೋ, ಜೀರಿಗೆ-ಬೆಳ್ಳುಳ್ಳಿ ಜಜ್ಜಿ ಹಾಕಿದ ಇಂದಿನ ಕಟ್ಟಿನ ಸಾರು ಕುಡಿದರೆ ಕಟ್ಟಿದ ಮೂಗು ಬಿಡುವುದಂತೂ ನಿಜ. ಕಲ್ಲು ಕರಗಿಸುತ್ತದೆ ಎಂಬ ಮಾತಿಗೆ ಮಾತ್ರ ಅಷ್ಟು ಧೈರ್ಯವಾಗಿ ಸಾಕ್ಷಿ ಹೇಳಲಾಗದು. ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್ ಹೇಳಿದ ಮೇಲೆ ಹುರುಳಿ ನಂಬಿಕೊಂಡು ಕೂರುವುದು ಬೇಡ.

ಇನ್ನು ಬಳ್ಳಾರಿ ನಗರ. ಬ್ರೂಸ್‌ಪೇಟೆಯ ಹಳೇ ಮನೆಯಾಗಲಿ ಹೊಸ ಬಡಾವಣೆಯಾಗಲಿ, ಗಿಡ ಇಡಲು ಉಳಿದಿರುವುದು ಆರ್‌ಸಿಸಿ ತಾರಸಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಿಲ್ಲಲಾಗದು, ಬೇರಿಗೂ ಆಗದು. ಅದಕ್ಕೆ ಕುಂಡವನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಯ ಮೇಲೆ ಕೂರಿಸಬೇಕು, ಸುತ್ತ ಹಸಿ ಗೋಣಿಚೀಲ ಸುತ್ತಬೇಕು, ಫೆಬ್ರುವರಿ ಮುಗಿಯುವ ಮುನ್ನ ಹಸಿರು ನೆರಳು ಪರದೆ ಕಟ್ಟಬೇಕು. ನೀರು ಬೆಳಗಿನ ಜಾವ ಅಥವಾ ಹೊತ್ತು ಮುಳುಗಿದ ಮೇಲೆ. ನಲ್ಲಿಗೆ ನೀರು ದಿನಾ ಬಾರದ ಊರಲ್ಲಿ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದಿಟ್ಟರೆ ಎಂಟು-ಹತ್ತು ಕುಂಡ ಅದರಲ್ಲೇ ಬದುಕುತ್ತವೆ.

ಮಣ್ಣಿನ ವಿಷಯಕ್ಕೆ ಬಂದರೆ, ಹೊಲದಲ್ಲಿ ಬಂಗಾರವಾದ ಎರೆಮಣ್ಣು ಕುಂಡದಲ್ಲಿ ಬರೀ ತಲೆನೋವು. ನೀರು ಬಿದ್ದರೆ ಅಂಟು, ಒಣಗಿದರೆ ಸೀಳು. ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಉಮಿ ಒಂದು ಪಾಲು. ಉಮಿಗೆ ಬೇರೆ ಊರಿನವರು ಪರದಾಡಬಹುದು, ಸಿರುಗುಪ್ಪದ ರೈಸ್ ಮಿಲ್ಲುಗಳ ನೆರೆಯಲ್ಲಿರುವ ನಮಗೆ ಆ ಕಷ್ಟವಿಲ್ಲ. ಸುಟ್ಟ ಕರಿ ಉಮಿ ಇನ್ನೂ ಹಗುರ, ಮಾಳಿಗೆಗೆ ಭಾರವೂ ಕಡಿಮೆ. ತೆಂಗಿನ ನಾರಿನ ಪುಡಿಯನ್ನು ಆನ್‌ಲೈನಲ್ಲಿ ತರಿಸುವ ಮೊದಲು ಮಿಲ್ಲಿನ ಗೇಟಿಗೆ ಒಮ್ಮೆ ಹೋಗಿ ಬರಬಹುದು.

ಈ ಬಿಸಿಲಿಗೆ ಜಗ್ಗದವು ಯಾವುವು? ದೊಡ್ಡಪತ್ರೆ ಮೊದಲನೆಯದು. ಒಂದು ಟೊಂಗೆ ಮುರಿದು ಊರಿದರೆ ಆಯಿತು, ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ಮಲೆನಾಡಿನವರು ತಂಬುಳಿ ಮಾಡುತ್ತಾರೆ, ಬಳ್ಳಾರಿಯವರು ಕಡ್ಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯುತ್ತಾರೆ. ಕರಿದ ಮೇಲೆ ಔಷಧಿ ಗುಣ ಎಷ್ಟು ಉಳಿಯುತ್ತದೆ ಎಂದು ಕೇಳಿ ರುಚಿ ಕೆಡಿಸಬಾರದು. ಕಾಮಕಸ್ತೂರಿ ಬೀಜ ಚೆಲ್ಲಿದ ವಾರದಲ್ಲಿ ಮೊಳೆಯುತ್ತದೆ, ಎಲೆ ಕಷಾಯಕ್ಕೆ, ಬೀಜ ಶರಬತ್ತಿಗೆ. ಮೆಂತೆ ಮತ್ತು ಸಬ್ಬಸಿಗೆ ದಸರಾ ಕಳೆದು ಚಳಿ ಬೀಳುವಾಗ ಬಿತ್ತುವಂಥವು. ಮೆಂತೆಯನ್ನು ಮೂರು-ನಾಲ್ಕು ವಾರಕ್ಕೇ ಕೊಯ್ಯಬಹುದು. ಬೇಸಿಗೆಯಲ್ಲಿ ಬಿತ್ತಿದರೆ ಗೇಣು ಬೆಳೆಯುವ ಮುಂಚೆ ಹೂವಿಗೆ ಬಂದು ಕೂರುತ್ತದೆ.

ಪುಂಡಿಗೆ ಕುಂಡ ಬೇಕೇ ಎಂದು ಹಳ್ಳಿಯವರು ನಗಬಹುದು. ಜೋಳದ, ಹತ್ತಿಯ ಹೊಲಕ್ಕೆ ಅಂಚು ಕಟ್ಟಿದಂತೆ ಪುಂಡಿ ಸಾಲು ಬಿಡುವುದು ಹಳೇ ರೂಢಿ, ಎಲೆ ಅಡುಗೆಗೆ, ನಾರು ಹಗ್ಗಕ್ಕೆ. ಈಗ ಹಗ್ಗ ಪ್ಲಾಸ್ಟಿಕ್ಕಿನದು, ಸಾಲಿನ ಪುಂಡಿಯೂ ತೆಳುವಾಗಿದೆ. ಆಳವಾದ ಬಕೆಟ್ಟಿನಲ್ಲಿ ನಾಲ್ಕು ಗಿಡ ಬಿಟ್ಟು ತುದಿ ಚಿವುಟುತ್ತ ಹೋದರೆ ಸಣ್ಣ ಸಂಸಾರಕ್ಕೆ ವಾರಕ್ಕೊಮ್ಮೆ ಪುಂಡಿಪಲ್ಯಕ್ಕೆ ಸಾಲುತ್ತದೆ. ಹುಳಿ ಹೆಚ್ಚಿರುವ ಸೊಪ್ಪು, ಹಾಗಾಗಿ ಬೇಳೆ, ಜೋಳದ ನುಚ್ಚು ಧಾರಾಳ ಬೀಳಬೇಕು. ಪುಂಡಿ, ಗೋಳಿ, ಪಾಲಕ್ ಮೂರರಲ್ಲೂ ಆಕ್ಸಲೇಟ್ ಇದೆ. ಬೆವರಿಳಿಸುವ ಊರಲ್ಲಿ ನೀರು ಕಡಿಮೆ ಕುಡಿದು ಇವನ್ನು ದಿನಾ ತಿಂದರೆ ಕಲ್ಲಿನ ತೊಂದರೆಯಿದ್ದವರಿಗೆ ಒಳ್ಳೆಯದಲ್ಲ.

ನುಗ್ಗೆಯನ್ನು ಡ್ರಮ್ಮಿನಲ್ಲಿ ಬೆಳೆಸಿ ಸೊಂಟದೆತ್ತರಕ್ಕೆ ಕತ್ತರಿಸುತ್ತಲೇ ಇರಬೇಕು, ಕಾಯಿಯ ಆಸೆ ಬಿಟ್ಟು ಸೊಪ್ಪಿಗೆ ಮಾತ್ರ. ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1 ಬೀಜ ಎಲ್ಲೆಡೆ ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ, ಅಷ್ಟೇ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಆದರೆ ಹಾಲನ್ನು ಲೋಟಗಟ್ಟಲೆ ಕುಡಿಯುತ್ತೇವೆ, ನುಗ್ಗೆ ಸೊಪ್ಪನ್ನು ಹಿಡಿಯಷ್ಟು ತಿನ್ನುತ್ತೇವೆ. ಈ ವ್ಯತ್ಯಾಸವನ್ನು ವಾಟ್ಸ್‌ಆ್ಯಪ್ ಪಂಡಿತರು ಹೇಳುವುದಿಲ್ಲ.

ಆ ಪಂಡಿತರ ಕೈಯಲ್ಲಿ ಹೆಚ್ಚು ಹಾಳಾದದ್ದು ಅಮೃತಬಳ್ಳಿ. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿಯ ಹೆಸರಲ್ಲಿ ದಿನಾ ಲೋಟಗಟ್ಟಲೆ ಕಷಾಯ ಕುಡಿದವರಿಗೆ ಲೆಕ್ಕವಿಲ್ಲ. 2021ರಲ್ಲಿ ಮುಂಬೈನ ವೈದ್ಯರು ಇದನ್ನು ಸೇವಿಸಿ ಯಕೃತ್ತಿಗೆ ಪೆಟ್ಟು ಬಿದ್ದ 6 ಮಂದಿಯ ವಿವರ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಅಂಥ 43 ಮಂದಿಯ ವರದಿ ಬಂತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯ ಜೊತೆ ಗೊಂದಲವಾಗಿರಬಹುದು ಎಂದಿತು. ಗೊಂದಲವೇ ನಿಜವಾಗಿದ್ದರೂ ಅಡುಗೆಮನೆಗೆ ಪಾಠ ಒಂದೇ: ಗುರುತು ಪಕ್ಕಾ ಇಲ್ಲದ ಬಳ್ಳಿಯನ್ನು ಕುದಿಸಿ ಕುಡಿಯಬಾರದು. ಪಲ್ಯದ ಅಳತೆ ಬೇರೆ, ಔಷಧದ ಅಳತೆ ಬೇರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತ ಬೆಳಿಗ್ಗೆ ಮುಷ್ಟಿ ಮೆಂತೆಕಾಳು ಅಗಿಯುವವರು, ರಕ್ತ ತೆಳುವಾಗಿಸುವ ಮಾತ್ರೆಯವರು, ಬಸುರಿಯರು ಕೇಳಿಯೇ ಮುಂದುವರಿಯಬೇಕು. ಕೇಳುವುದಕ್ಕೆ ದೂರ ಹೋಗಬೇಕಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿ ವೈದ್ಯ ಮಾಡಿದ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜು, ಆಸ್ಪತ್ರೆ ಬಳ್ಳಾರಿಯಲ್ಲೇ ಇದೆ. ಗಿಡದ ಒಂದು ರೆಂಬೆ ಒಯ್ದು ತೋರಿಸಿದರೆ ಗುರುತು ಹೇಳುವವರು ಅಲ್ಲಿ ಸಿಗುತ್ತಾರೆ.

ಕೊನೆಗೆ ಕರಿಬೇವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆಯ್ದು ಕೊಟ್ಟ ಡಿಡಬ್ಲ್ಯೂಡಿ-1, ಡಿಡಬ್ಲ್ಯೂಡಿ-2 ತಳಿಗಳಿವೆ, ಸಿಗದಿದ್ದರೆ ನೆರೆಮನೆಯ ಗಿಡದ ಬುಡದಲ್ಲಿ ಎದ್ದ ಮರಿ ಸಾಕು. ಮೊದಲ ವರ್ಷ ಎಲೆಗೆ ಕೈಹಾಕದೆ, ಮೊಣಕಾಲೆತ್ತರಕ್ಕೆ ತುದಿ ಕತ್ತರಿಸಿದರೆ ಕವಲೊಡೆಯುತ್ತದೆ. ಬಿಡಿ ಎಲೆ ಉದುರಿಸಿಕೊಳ್ಳದೆ ಕಡ್ಡಿಯನ್ನೇ ಮುರಿಯಬೇಕು. ಎಷ್ಟು ಬೆಳೆದರೇನು, ಒಗ್ಗರಣೆಯ ಕರಿಬೇವು ತಟ್ಟೆಯ ಅಂಚಿಗೆ ಹೋಗುವುದು ತಪ್ಪುವುದಿಲ್ಲ. ಅದಕ್ಕೆ ಉಪಾಯ ಚಟ್ನಿಪುಡಿ. ಎರಡು ಹಿಡಿ ಎಲೆಯನ್ನು ನೆರಳಲ್ಲಿ ಬಾಡಿಸಿ ಬಾಣಲೆಯಲ್ಲಿ ಗರಿಗರಿ ಮಾಡಿ, ಹುರಿದ ಅಗಸೆ ಒಂದು ಬಟ್ಟಲು, ಗುರೆಳ್ಳು ಅರ್ಧ ಬಟ್ಟಲು, ಬೆಳ್ಳುಳ್ಳಿ ಆರೇಳು ಎಸಳು, ಹುಣಸೆ, ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಕುಟ್ಟಬೇಕು. ರೊಟ್ಟಿಗೆ ಶೇಂಗಾ ಎಣ್ಣೆ ಸವರಿ ಮೇಲೆ ಉದುರಿಸಿ ಸುತ್ತಿ ಕೊಟ್ಟರೆ ಮಕ್ಕಳಿಗೆ ಆರಿಸಿ ಬಿಸಾಡಲು ಏನೂ ಉಳಿಯುವುದಿಲ್ಲ. ಅವರ ಡಬ್ಬಿಗೆ ಮೆಣಸಿನಕಾಯಿ ಅರ್ಧ ಇಳಿಸಿ ಬೇರೆಯಾಗಿ ಕುಟ್ಟಿದರಾಯಿತು, ಬಳ್ಳಾರಿಯ ಖಾರಕ್ಕೆ ಅವರಿನ್ನೂ ಬೆಳೆಯಬೇಕು.